ವಿಲಿಯಂ ಹ್ಯಾರಿ ಇವಾನ್ಸ್

ವಿಲಿಯಂ ಹ್ಯಾರಿ ಇವಾನ್ಸ್ (1876–1956) ಬ್ರಿಟಿಷ್ ಸೇನಾಧಿಕಾರಿ ಹಾಗೂ ಚಿಟ್ಟೆ ತಜ್ಞರು. ಶಿಲ್ಲಾಂಗ್‌ನಲ್ಲಿ ಜನಿಸಿದ ಇವರು ರಾಯಲ್ ಇಂಜಿನಿಯರ್ಸ್ ದಳವನ್ನು ಸೇರಿ ಬ್ರಿಗೇಡಿಯರ್ ಹುದ್ದೆಗೇರಿದರು. 1927ರಲ್ಲಿ ಪ್ರಕಟವಾದ ಇವರ 'ದಿ ಐಡೆಂಟಿಫಿಕೇಶನ್ ಆಫ್ ಇಂಡಿಯನ್ ಬಟರ್‌ಫ್ಲೈಸ್' ಗ್ರಂಥವು ಲಕ್ಷಣಗಳನ್ನು ಒಂದೊಂದಾಗಿ ಹೋಲಿಸುತ್ತ ಪ್ರಭೇದದ ಹೆಸರನ್ನು ತಲುಪುವ ಕ್ರಮವನ್ನು ಅನುಸರಿಸುತ್ತದೆ.

ನಿವೃತ್ತಿಯ ನಂತರ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಹೆಸ್ಪೆರಿಡೇ ಕುಟುಂಬದ, ಅಂದರೆ ಸ್ಕಿಪ್ಪರ್ ಚಿಟ್ಟೆಗಳ, ಅಧ್ಯಯನಕ್ಕೆ ಇವರು ತಮ್ಮನ್ನು ಮುಡಿಪಾಗಿಟ್ಟರು. ಅದು ಸುಲಭದ ಆಯ್ಕೆಯಾಗಿರಲಿಲ್ಲ. ಈ ಕುಟುಂಬದ ಅನೇಕ ಪ್ರಭೇದಗಳು ಒಂದೇ ತೆರನಾದ ಕಂದು ಬಣ್ಣದವು. ಚಳ್ಳಕೆರೆ, ಮೊಳಕಾಲ್ಮುರುಗಳ ಹುಲ್ಲುಗಾವಲಿನಲ್ಲಿ ಚಿಟ್ಟೆ ಗುರುತಿಸಹೊರಟವರಿಗೂ ಇದೇ ತೊಡಕು. ಹುಲ್ಲು, ಭತ್ತಗಳ ಮೇಲೆ ಬೆಳೆಯುವ ಬೋರ್ಬೊ ಸಿನ್ನಾರ ಮತ್ತು ಪೆಲೋಪಿಡಾಸ್ ಮಥಾಯಸ್ ಪ್ರಭೇದಗಳು ನೋಟಕ್ಕೆ ಅವಳಿಗಳಂತಿವೆ. ಎರಡನೆಯದರ ಗಂಡಿನ ಮುಂರೆಕ್ಕೆಯ ಮೇಲೆ ಓರೆಯಾದ ಗಂಧಪಟ್ಟೆಯಿದ್ದು, ಮೊದಲನೆಯದರಲ್ಲಿ ಅದು ಇರುವುದಿಲ್ಲ. ಹೆಣ್ಣುಗಳಲ್ಲಿ ಈ ಪಟ್ಟೆಯ ನೆರವಿಲ್ಲದ ಕಾರಣ ರೆಕ್ಕೆಯ ಚುಕ್ಕೆಗಳ ಸ್ಥಾನವನ್ನೇ ಪರಿಶೀಲಿಸಬೇಕಾಗುತ್ತದೆ. ಪೊಟಾಂಥಸ್ ಕುಲದಲ್ಲಿ ಚುಕ್ಕೆಗಳೂ ಸಾಲವು. ಜನನಾಂಗಗಳ ರಚನೆಯೇ ನಿರ್ಣಾಯಕ. ಇವಾನ್ಸ್ ಈ ಪರೀಕ್ಷೆಯನ್ನು ವ್ಯಾಪಕವಾಗಿ ಬಳಸಿದರು.

ಆಫ್ರಿಕದ ಸ್ಕಿಪ್ಪರ್‌ಗಳ ಪಟ್ಟಿ 1937ರಲ್ಲಿ, ಯುರೋಪ್, ಏಷ್ಯಾ, ಆಸ್ಟ್ರೇಲಿಯಗಳದು 1949ರಲ್ಲಿ ಹೊರಬಂದವು. ಅಮೆರಿಕದ ಸ್ಕಿಪ್ಪರ್‌ಗಳನ್ನು ಕುರಿತ ನಾಲ್ಕು ಭಾಗಗಳ ಕೃತಿ 1955ರಲ್ಲಿ ಪೂರ್ಣಗೊಂಡಿತು. ಮರುವರ್ಷ ಇವಾನ್ಸ್ ನಿಧನರಾದರು.