ಶಿಕ್ಷಕರಿಗೆ ಶಿಕ್ಷಕರಾದ ಡೆಪ್ಯುಟಿ ಚನ್ನಬಸಪ್ಪನವರು

ನಮ್ಮ ಧಾರವಾಡ ಸೀಮೆಯಲ್ಲಿ ಮಠವೆಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದ್ದಿತು. ಶ್ರೀಗುರುವು ಶಿಷ್ಯನಿಗೆ ದೀಕ್ಷೆಯನ್ನಿತ್ತು ಉದ್ಧರಿಸುವ ಸ್ಥಾನವು ಮಠ. ಅಯ್ಯನವರು ಊರ ಮಕ್ಕಳಿಗೆ ಅಕ್ಷರವನ್ನು ತಿದ್ದಿಸುವ ಸ್ಥಾನವೂ ಮಠವೇ. ಜ್ಞಾನವು ಒಂದೇ, ಅದರ ದ್ವಾರಗಳು ಎರಡು ಎಂಬ ತಿಳಿವಳಿಕೆಯು ಈ ರೂಢಿಯಲ್ಲಿ ಅಡಗಿದೆ. ಈ ಎರಡನೆಯ ಮಠದ ಜೀರ್ಣೋದ್ಧಾರಕ್ಕಾಗಿ ತಮ್ಮ ಆಯುಷ್ಯವನ್ನು ಸವೆಸಿದ ಪುಣ್ಯಪುರುಷರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು. ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಅವರನ್ನು ಸ್ಮರಿಸುವುದು ನಮಗೆ ಋಣವಿಮೋಚನೆಯ ಕಾರ್ಯವಾಗಿದೆ.

ಚನ್ನಬಸಪ್ಪನವರು 1834ನೆಯ ಇಸವಿಯಲ್ಲಿ ಧಾರವಾಡದಲ್ಲಿ ವೀರಶೈವ ಕುಟುಂಬವೊಂದರಲ್ಲಿ ಜನ್ಮವೆತ್ತಿದರು. ತಂದೆಯವರ ಹೆಸರು ಬಸಲಿಂಗಪ್ಪನವರು. 1818ರಲ್ಲಿ ಪೇಶವೆಯರ ಆಳಿಕೆಯು ಮುಗಿದು ಈ ಸೀಮೆಯು ಕಂಪನಿ ಸರಕಾರದ ಕೈಸೇರಿ, ಮುಂಬಯಿ ಇಲಾಖೆಗೆ ಒಳಪಟ್ಟಿತು. ರಾಜ್ಯವು ಬದಲಾದರೂ ಕಚೇರಿಯ ಭಾಷೆಯು ಬದಲಾಗಲಿಲ್ಲ. ದಫ್ತರಗಳಲ್ಲಿ ಮರಾಠಿ, ಬರವಣಿಗೆಯಲ್ಲಿ ಮೋಡಿ, ಶಾಲೆಗಳಲ್ಲಿಯೂ ಬಹುಮಟ್ಟಿಗೆ ಮರಾಠಿಯೇ ನಡೆಯುತ್ತಿದ್ದಿತು. ಮನೆಯಲ್ಲಿ ಕನ್ನಡವನ್ನಾಡುವ ಬಾಲಕನು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಪರಭಾಷೆಯವನಾಗಬೇಕಾಗಿದ್ದಿತು. ಚನ್ನಬಸಪ್ಪನವರೂ ಇದೇ ದಾರಿಯಿಂದ ನಡೆದವರು. ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಅವರು ದೂರದ ಪುಣೆಗೆ ಹೋಗಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿದರು. ರೈಲು ಈ ಸೀಮೆಗೆ ಬಾರದಿದ್ದ ಆ ದಿನಗಳಲ್ಲಿ ಅಂಥ ಪ್ರವಾಸವೇ ಒಂದು ತಪಸ್ಸು. ಅಷ್ಟು ಓದಿದವರಿಗೆ ಕಂದಾಯ, ನ್ಯಾಯ ಮುಂತಾದ ಖಾತೆಗಳ ಬಾಗಿಲು ಮುಚ್ಚಿರಲಿಲ್ಲ. ಆದರೆ ಅವರು ವಿದ್ಯಾಖಾತೆಯನ್ನೇ ತಮ್ಮ ಕಾಯಕಕ್ಷೇತ್ರವನ್ನಾಗಿ ಮಾಡಿಕೊಂಡರು.

ಆಗಿನ ಹಳ್ಳಿಗಳ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳುವುದು ಅವಶ್ಯವು. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಾಗಲಿ ಕಲಘಟಗಿಯ ಮಲೆಯ ಸೆರಗಿನಲ್ಲಾಗಲಿ ಅಕ್ಷರಾಭ್ಯಾಸವು ಕೂಲಿಮಠಗಳನ್ನೇ ಅವಲಂಬಿಸಿದ್ದಿತು. ಹುಡುಗರು ಮಳಲಿನ ಮೇಲೆ ಬೆರಳಿನಿಂದ ಓನಾಮವನ್ನು ತಿದ್ದಿ, ಮಗ್ಗಿಗಳನ್ನು ಬಾಯಿಪಾಠ ಮಾಡಿ, ಕೆಲವು ಪದ್ಯಗಳನ್ನು ಒಪ್ಪಿಸುತ್ತಿದ್ದರು. ಅಯ್ಯನವರಿಗೆ ಕಾಳುಕಡಿಯೇ ಸಂಬಳ. ಕುಂದಗೋಳ ಸೀಮೆಯ ಕಳಸದ ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳದ ಷರೀಫ ಸಾಹೇಬರೂ ಕೆಲಕಾಲ ಹಳ್ಳಿಯ ಹುಡುಗರಿಗೆ ಪಾಠ ಹೇಳಿದವರೇ. ಆದರೆ ಅಂಥ ಗುರುಗಳು ಎಲ್ಲ ಊರುಗಳಿಗೂ ದೊರೆಯುವರೇ? ಹುಡುಗನು ಹನ್ನೆರಡು ಹದಿಮೂರು ವರ್ಷದವನಾದೊಡನೆ ಅವನ ಕೈಗೆ ಕೂರಿಗೆ ಕುಂಟೆಗಳು ಬರುತ್ತಿದ್ದವು. ಅರ್ಥವನ್ನರಿಯದೆ ಕಲಿತ ಅಕ್ಷರವು ಎರಡು ಸುಗ್ಗಿಗಳೊಳಗೆ ಮರೆತುಹೋಗುತ್ತಿದ್ದಿತು. 1861ರಿಂದ 1865ರ ವರೆಗೆ ಅಮೇರಿಕೆಯ ಅಂತರ್ಯುದ್ಧದಿಂದಾಗಿ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಾಗಲೂ ಸಾವಕಾರನ ಲೆಕ್ಕವನ್ನು ಓದಿ ತಿಳಿಯಲಾರದ ರೈತನು ಹೆಬ್ಬೆಟ್ಟನ್ನೊತ್ತಿ ಬರಬೇಕಾಗಿದ್ದಿತು. ಮೀಸೆ ಮೂಡುವ ವಯಸ್ಸಿನಲ್ಲಿ ಓದು ಕೈಬಿಟ್ಟರೆ ಬಾಲ್ಯದ ಮಠವು ವ್ಯರ್ಥವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ರೋಗಕ್ಕೆ ಮದ್ದನ್ನು ಹುಡುಗನಲ್ಲಿ ಅಲ್ಲ, ಶಿಕ್ಷಕನಲ್ಲಿ ಹುಡುಕಬೇಕೆಂಬುದು ಚನ್ನಬಸಪ್ಪನವರ ಕಾರ್ಯದಿಂದ ಸ್ಪಷ್ಟವಾಗುತ್ತದೆ. 1854ರ ವುಡ್ ಸಾಹೇಬರ ವಿದ್ಯಾಶಾಸನವು ದೇಶಭಾಷೆಗಳಲ್ಲಿ ಜನರಿಗೆ ವಿದ್ಯೆಯನ್ನು ಕೊಡಬೇಕೆಂದೂ ಶಿಕ್ಷಕರನ್ನು ತರಬೇತುಗೊಳಿಸಬೇಕೆಂದೂ ವಿಧಿಸಿದ್ದಿತು. ಅದರಂತೆ ನಡೆದ ಧಾರವಾಡದ ನಾರ್ಮಲ್ ಶಾಲೆಯು ಮುಂದೆ ಟ್ರೇನಿಂಗ ಕಾಲೇಜ ಎಂದು ಪ್ರಸಿದ್ಧವಾಯಿತು. ಚನ್ನಬಸಪ್ಪನವರು ಅದರ ಮುಖ್ಯಾಧ್ಯಾಪಕರಾದರು. ಅಲ್ಲಿಗೆ ಬರುತ್ತಿದ್ದ ತರುಣರು ಹಳ್ಳಿಗಳಿಂದಲೇ ಬಂದು ಹಳ್ಳಿಗಳಿಗೇ ಮರಳತಕ್ಕವರು. ಒಬ್ಬ ಶಿಕ್ಷಕನನ್ನು ತಿದ್ದಿದರೆ ಒಂದು ಊರನ್ನೇ ತಿದ್ದಿದಂತೆ. ಒಂದು ದೀಪದಿಂದ ನೂರು ದೀಪಗಳು ಹೊತ್ತಿಕೊಳ್ಳುವಂತೆ ಇಲ್ಲಿ ಕನ್ನಡದ ಬೆಳಕು ಹರಡತೊಡಗಿತು.

ಅನಂತರ ಅವರು ಬೆಳಗಾವಿ ಪ್ರಾಂತದಲ್ಲಿ ಶಾಲೆಗಳ ಡೆಪ್ಯುಟಿ ಇನ್ಸ್ಪೆಕ್ಟರರಾಗಿ ನಿಯಮಿತರಾದರು. ಈ ಅಧಿಕಾರದ ಹೆಸರೇ ಜನರ ಬಾಯಲ್ಲಿ ಅವರ ಹೆಸರಿನೊಡನೆ ಬೆಸೆದುಹೋಯಿತು. ಕನ್ನಡ ಜನರು ವಾಸಿಸುವ ಊರುಗಳಲ್ಲಿ ಮರಾಠಿ ಶಾಲೆಗಳಿದ್ದುದನ್ನು ಕಂಡು, ಕನ್ನಡ ಶಾಲೆಗಳ ಸ್ಥಾಪನೆಗಾಗಿ ಅವರು ಶ್ರಮಿಸಿದರು. ವಿದ್ಯಾಧಿಕಾರಿಗಳಾಗಿದ್ದ ರಸೆಲ್ ಸಾಹೇಬರು ಕನ್ನಡದ ಪಕ್ಷಪಾತಿಗಳಾಗಿದ್ದುದು ಈ ಕಾರ್ಯಕ್ಕೆ ಒದಗಿದ ಸುಯೋಗ. ಚನ್ನಬಸಪ್ಪನವರಿಗೆ ಮರಾಠಿಯ ಮೇಲೆ ದ್ವೇಷವಿರಲಿಲ್ಲ. ಆ ಭಾಷೆಯಿಂದಲೂ ವಿದ್ಯೆ ಪಡೆದವರು ಅವರು. ತಾಯಿಯ ಹಾಲಿಲ್ಲದೆ ಕೂಸು ಪುಷ್ಟಿಯಾಗದೆಂಬುದೊಂದೇ ಅವರ ಪಕ್ಷವು.

1865ನೆಯ ಇಸವಿಯಲ್ಲಿ ಶಿಕ್ಷಕರಿಗಾಗಿ ಮಠಪತ್ರಿಕೆ ಎಂಬ ಪತ್ರಿಕೆಯು ಹೊರಟಿತು. ಹೆಸರಿನ ಔಚಿತ್ಯವನ್ನು ವಾಚಕರು ಗಮನಿಸಬೇಕು: ಹೊಸ ವಿದ್ಯೆಯು ಹಳೆಯ ಮಠದ ಹೆಸರನ್ನೇ ತಲೆಯಲ್ಲಿ ಹೊತ್ತು ಬಂದಿತು. ಟ್ರೇನಿಂಗ ಮುಗಿಸಿ ದೂರದ ಹಳ್ಳಿಯಲ್ಲಿ ಒಂಟಿಯಾಗಿ ಕುಳಿತ ಶಿಕ್ಷಕನಿಗೆ ಅಂಥ ಪತ್ರಿಕೆಯೇ ಗುರುವು, ಅದೇ ಸಂಗಡಿಗನು. ಇದು ಮುಂದೆ ಶಾಲಾಪತ್ರಿಕೆಯೆಂದೂ ಕಾಲಾಂತರದಲ್ಲಿ ಜೀವನ ಶಿಕ್ಷಣವೆಂದೂ ಹೆಸರುಗಳನ್ನು ಪಡೆದು ಶತಮಾನವನ್ನೂ ಮೀರಿ ಬಾಳಿತು.

ಅಕ್ಷರವನ್ನು ಕಲಿತ ತರುಣನಿಗೆ ಓದಲು ಪುಸ್ತಕವಿಲ್ಲದಿದ್ದರೆ ಕಲಿತುದು ನಿಲ್ಲದು. ಚನ್ನಬಸಪ್ಪನವರು ಇಂಗ್ಲಿಷ್ ಮಹಾಕವಿ ಶೇಕ್ಸಪಿಯರನ ಹಾಸ್ಯ ನಾಟಕವೊಂದನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಿಸಿದರು. ಶಾಲೆಯ ಅಧಿಕಾರಿಯು ನಗೆಯ ಕಥೆಯನ್ನು ಬರೆಯುವುದು ಹಗುರವೆಂದು ಕೆಲವರಿಗೆ ತೋರಬಹುದು. ಹಾಗಲ್ಲ, ಬೆತ್ತದ ಭಯದಿಂದ ಓದಿದವನು ಬೆತ್ತವು ಮರೆಯಾದೊಡನೆ ಓದನ್ನು ಬಿಡುವನು, ರುಚಿಯಿಂದ ಓದಿದವನು ಹೊಲದ ಗುಡಿಸಲಲ್ಲಿಯೂ ಪುಸ್ತಕವನ್ನು ಬಿಚ್ಚುವನು. ಗಂಗಾಧರ ಮಡಿವಾಳೇಶ್ವರ ತುರಮರಿ, ಚುರಮುರಿ ಶೇಷಗಿರಿರಾಯರು, ವೆಂಕಟ ರಂಗೋ ಕಟ್ಟಿ ಇವರೇ ಮೊದಲಾದ ಪಂಡಿತರು ಅದೇ ಕಾಲದಲ್ಲಿ ಕನ್ನಡ ಗ್ರಂಥರಚನೆಗೆ ಕೈಯಿಕ್ಕಿದರು. ಅವರೆಲ್ಲರ ದುಡಿಮೆಯಿಂದ ಕನ್ನಡ ತರುಣನ ಕೈಗೆ ಓದಲು ತಕ್ಕ ಗದ್ಯವು ಬಂದಿತು.

1876ರ ಧಾತು ಸಂವತ್ಸರದಲ್ಲಿ ಮೊದಲಾದ ಮಹಾಕ್ಷಾಮವು ಈ ಸೀಮೆಯನ್ನು ಸುಟ್ಟಿತು. ಅನ್ನವಿಲ್ಲದ ಮನೆಯಲ್ಲಿ ಅಕ್ಷರಕ್ಕೆ ಎಡೆಯೆಲ್ಲಿ? ಅರ್ಧಶತಮಾನವೂ ತುಂಬದ ಆಯುಷ್ಯದಲ್ಲಿ ಇಷ್ಟು ಕಷ್ಟವನ್ನೂ ಇಷ್ಟು ಕಾರ್ಯವನ್ನೂ ಕಂಡ ಚನ್ನಬಸಪ್ಪನವರು 1881ರಲ್ಲಿ ಲಿಂಗೈಕ್ಯರಾದರು. ಆದರೆ ಅವರು ಬಿತ್ತಿದ ಬೀಜವು ಬಾಡಲಿಲ್ಲ. 1883ರಲ್ಲಿ ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ದಪ್ಪನವರೂ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯನ್ನು ಕಟ್ಟಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಣಪ್ರೇಮಿಗಳು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು.

ಶ್ರೀಮಠದ ಭಕ್ತರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಶಾಲೆಗಳು ಈಗ ಊರೂರಿಗೂ ಇವೆ. ಆದರೆ ಹದಿಹರೆಯದಲ್ಲಿ ಓದು ಕೈಬಿಡುವ ಭಯವು ಇಂದಿಗೂ ತೀರಿಲ್ಲ. ಮಗನಾಗಲಿ ಮಗಳಾಗಲಿ ಆ ವಯಸ್ಸಿನಲ್ಲಿ ಪುಸ್ತಕವನ್ನು ಕೆಳಗಿಡದಂತೆ ನೋಡಿಕೊಳ್ಳುವುದೂ, ಅವರಿಗೆ ಕಲಿಸುವ ಶಿಕ್ಷಕರನ್ನು ಗುರುಭಾವದಿಂದ ಗೌರವಿಸುವುದೂ ಜ್ಞಾನದಾಸೋಹವೇ ಸರಿ. ಚನ್ನಬಸಪ್ಪನವರಿಗೆ ಸಲ್ಲಿಸತಕ್ಕ ನಿಜವಾದ ಪೂಜೆಯು ಅದೇ.