ಇಪ್ಪತ್ತಮೂರು ವರ್ಷದ ಬಾಕಿ

ಬನ್ನೂರು: ಪಿತೃಪಕ್ಷ ಬಂತೆಂದರೆ ನಮ್ಮ ಸೀಮೆಯಲ್ಲಿ ಮನೆಮನೆಗೂ ಬಾಳೆಎಲೆ ಬರುತ್ತದೆ, ಹೊಸ ಬಟ್ಟೆ ಬರುತ್ತದೆ. ತೀರಿಹೋದವರ ಹೆಸರು ಹೇಳಿ ಎಡೆ ಇಡುತ್ತೇವೆ. ಆದರೆ ಮನೆಯ ಯಜಮಾನ ಸತ್ತನೋ ಬದುಕಿದ್ದಾನೋ ಗೊತ್ತೇ ಇಲ್ಲದಿದ್ದರೆ ಆ ಹೆಣ್ಣುಮಗಳು ಏನು ಮಾಡಬೇಕು ಸ್ವಾಮಿ? ಎಡೆ ಇಡಬೇಕೋ, ಬಾಗಿಲು ನೋಡುತ್ತಾ ಕೂರಬೇಕೋ?

ಇಂಥ ಸಂಕಟ ಕಂಡ ಮನೆತನ ದೂರದ್ದಲ್ಲ. ನಮ್ಮ ಗದ್ದೆಗೆ ನೀರು ಕೊಡುವ ಕಾವೇರಿ ಹುಟ್ಟುವ ಕೊಡಗಿನದು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ ಅವರದು.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. ಮುಂದೆ ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟರಾದರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಹತ್ತಿದಾಗ ಪಂಜಾಬಿನ ಆದಂಪುರದಲ್ಲಿ ಒಂದನೇ ಸ್ಕ್ವಾಡ್ರನ್ನಿನ ಜೊತೆಗಿದ್ದರು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಸೆಪ್ಟೆಂಬರ್ 7ರ ಬೆಳಗಿನ ಜಾವ. ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ 12 ಮಿಸ್ಟೇರ್ ವಿಮಾನಗಳ ದಾಳಿ ಎಂದು ನಿಗದಿಯಾಗಿತ್ತು. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ. ಅವರು ಬದಲಿಗೆಂದು ಇಟ್ಟುಕೊಂಡವರು. ಒಂದು ವಿಮಾನ ಕೈಕೊಟ್ಟಿತು, ಇವರು ಹೊರಟೇಬಿಟ್ಟರು.

ಅಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಇವರ ಬೆನ್ನು ಬಿತ್ತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ ಅದು. ಇವರ ಮಿಸ್ಟೇರ್ ಅದರ ಮುಂದೆ ಏನೇನೂ ಅಲ್ಲ. ವಿಮಾನಕ್ಕೆ ಏಟು ಬಿತ್ತು. ಆದರೂ ದೇವಯ್ಯ ಓಡಲಿಲ್ಲ, ತಿರುಗಿ ನಿಂತು ಸ್ಟಾರ್‌ಫೈಟರನ್ನೇ ಹೊಡೆದು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ಬದುಕಲಿಲ್ಲ. ಅಲ್ಲಿಯ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದರು.

ಇದನ್ನು ಕಂಡ ನಮ್ಮವರು ಒಬ್ಬರೂ ಇಲ್ಲ! ವಾಪಸ್ ಬಾರದ ದೇವಯ್ಯನವರ ಹೆಸರು ಇಲ್ಲಿ ಕಾಣೆಯಾದವರ ಪಟ್ಟಿಗೆ ಸೇರಿತು. ಯುದ್ಧ ನಿಂತಿತು, ಸೆರೆಸಿಕ್ಕವರು ಬಿಡುಗಡೆಯಾಗಿ ಬಂದರು. ದೇವಯ್ಯ ಬರಲಿಲ್ಲ. ಮನೆಯವರಿಗೆ ದೇಹವೂ ಸಿಗಲಿಲ್ಲ, ಹೇಗೆ ಹೋದರೆಂಬ ಸುದ್ದಿಯೂ ಸಿಗಲಿಲ್ಲ.

ಕೊನೆಗೆ ಸುದ್ದಿ ಬಂದದ್ದು ಎದುರಾಳಿಯ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಯುದ್ಧದ ಬಗ್ಗೆ ಪುಸ್ತಕ ಬರೆದ. ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್ ಹೊಡೆತಕ್ಕೆ ಎಂಬುದು ಅದರಿಂದ ತಿಳಿಯಿತು. ಆ ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರು ತಮ್ಮ ಜೊತೆಗಾರನಿಗೆ ನ್ಯಾಯ ಸಿಗಬೇಕೆಂದು ಹಟ ಹಿಡಿದರು. ಅಂತೂ 1988ರಲ್ಲಿ ಮಹಾವೀರ ಚಕ್ರ ಬಂತು. ಪರಮವೀರ ಚಕ್ರ ಬಿಟ್ಟರೆ ಯುದ್ಧದ ಶೌರ್ಯಕ್ಕೆ ಅದೇ ದೊಡ್ಡದು. ಸ್ವೀಕರಿಸಿದ್ದು ಅವರ ಪತ್ನಿ.

ಇಪ್ಪತ್ತಮೂರು ವರ್ಷ! ಬಾಕಿ ತಡವಾದರೆ ಬಡ್ಡಿ ಬೀಳುತ್ತದೆಂದು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾಗಿಲ್ಲ. ದೇಶದ ಈ ಬಾಕಿಗೆ ಬಡ್ಡಿ ತೆತ್ತವರು ಯಾರು? ಕಾದು ಕೂತ ಆ ತಾಯಿ, ಅಪ್ಪನಿಲ್ಲದೆ ಬೆಳೆದ ಆ ಮಕ್ಕಳು.

2020ರಲ್ಲಿ ಮಡಿಕೇರಿಯಲ್ಲಿ ಹಳೇ ಖಾಸಗಿ ಬಸ್ ಸ್ಟ್ಯಾಂಡಿನ ಹತ್ತಿರ ದೇವಯ್ಯನವರ ಪ್ರತಿಮೆ ನಿಂತಿತು. ಆ ಕಡೆ ಬಸ್ಸಿನಲ್ಲಿ ಹೋದವರು ಒಂದು ನಿಮಿಷ ನಿಂತು ನೋಡಿ ಬನ್ನಿ. ಹಾಗೆಯೇ ನಮ್ಮ ಬೀದಿಯಲ್ಲೂ ಸೈನ್ಯಕ್ಕೆ ಮಗನನ್ನು ಕೊಟ್ಟು ಕಳೆದುಕೊಂಡ ಮನೆಯಿದ್ದರೆ, ಆಗಸ್ಟ್ 15ರ ಹಾರಕ್ಕಾಗಿ ಕಾಯಬೇಡಿ. ಹಬ್ಬದ ದಿನ ಬಾಗಿಲಿಗೆ ಹೋಗಿ ಯೋಗಕ್ಷೇಮ ವಿಚಾರಿಸಿ. ಅದಕ್ಕೆ ಸರ್ಕಾರದ ಆರ್ಡರ್ ಬೇಕಿಲ್ಲ.