ಕಡಲಿನ ನೀಲಿ ಮತ್ತು ಸರ್ ಸಿ. ವಿ. ರಾಮನ್

ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲಾ ನದಿಯು ಬೇಡ್ತಿಯೆನಿಸಿಕೊಂಡು, ಸಹ್ಯಾದ್ರಿಯ ಕಾಡುಗಳನ್ನು ಹಾದು, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಬೊಗಸೆಯಲ್ಲಿ ಹಿಡಿದರೆ ನದಿಯ ತಿಳಿನೀರಿಗೆ ಬಣ್ಣವಿಲ್ಲ. ಕಡಲಿನ ನೀರಿಗೂ ಇಲ್ಲ. ಆದರೂ ದಡದಿಂದ ದೂರಕ್ಕೆ ನೋಟ ಹರಿಸಿದರೆ ಕಡಲು ನೀಲಿಯಾಗಿ ಕಾಣುತ್ತದೆ. ಬೊಗಸೆಯಲ್ಲಿಲ್ಲದ ಬಣ್ಣ ಕಡಲಿಗೆ ಎಲ್ಲಿಂದ ಬಂದಿತು? ಹಡಗಿನ ಮೇಲೆ ನಿಂತು ಈ ಪ್ರಶ್ನೆಯನ್ನು ಕೇಳಿ, ಅದರ ಉತ್ತರವನ್ನರಸುತ್ತ ವಿಶ್ವಮಾನ್ಯರಾದವರು ಚಂದ್ರಶೇಖರ ವೆಂಕಟರಾಮನ್. ಬಾಳಿನ ಕೊನೆಯ ಮೂವತ್ತೇಳು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು ಕನ್ನಡ ನಾಡಿನವರೇ ಆಗಿಹೋದರು.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ದೊರೆತುದರಿಂದ ಬಾಲಕನು ಕಡಲ ತೀರದ ಊರಿನಲ್ಲಿ ಬೆಳೆದನು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಪದವಿಯೂ 1907ರಲ್ಲಿ ಎಂ.ಎ. ಪದವಿಯೂ ಲಭಿಸಿದವು. ವಿದ್ಯಾರ್ಥಿಯಾಗಿದ್ದಾಗಲೇ, ಹದಿನೆಂಟರ ಹರೆಯದಲ್ಲಿ, ಬೆಳಕನ್ನು ಕುರಿತ ಅವರ ಸಂಶೋಧನ ಲೇಖನವು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಥ ಪ್ರತಿಭಾವಂತನು ಇಂಗ್ಲೆಂಡಿಗೆ ಹೋಗಿ ಓದಬೇಕೆಂದು ಅಧ್ಯಾಪಕರು ಬಯಸಿದರು. ಆದರೆ ತಪಾಸಣೆ ಮಾಡಿದ ಸರಕಾರಿ ವೈದ್ಯರು, ಈ ಕೃಶ ದೇಹವು ಆ ದೇಶದ ಚಳಿಯನ್ನು ತಾಳಲಾರದೆಂದು ತೀರ್ಮಾನಿಸಿದರು. ಕಡಲಾಚೆಯ ಬಾಗಿಲು ಮುಚ್ಚಿತು. ವಿಜ್ಞಾನವನ್ನೇ ನಂಬಿ ಬದುಕುವ ದಾರಿ ಅಂದು ನಮ್ಮ ದೇಶದಲ್ಲಿ ವಿರಳ. ರಾಮನ್ನರು ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು.

ಲೆಕ್ಕಪತ್ರಗಳ ನಡುವೆಯೂ ವಿಜ್ಞಾನದ ಹಂಬಲ ಆರಲಿಲ್ಲ. ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆಯಿತ್ತು. ಕಚೇರಿಗೆ ಹೋಗುವ ಮುನ್ನ ಹಾಗೂ ಕಚೇರಿ ಮುಗಿದ ಬಳಿಕ ರಾಮನ್ನರು ಅಲ್ಲಿ ಪ್ರಯೋಗನಿರತರಾಗಿರುತ್ತಿದ್ದರು. ಹೀಗೆ ವರ್ಷಗಳು ಉರುಳಿದವು. ಕಲ್ಕತ್ತಾ ವಿಶ್ವವಿದ್ಯಾಲಯದ ಆಶುತೋಷ ಮುಖರ್ಜಿಯವರು ಅವರನ್ನು ಭೌತವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕೆ ಆಹ್ವಾನಿಸಿದರು. ಸಂಬಳ ಬಹಳ ಕಡಿಮೆ. ಅಲ್ಲದೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವೂ ಇತ್ತು. ರಾಮನ್ನರು ಸಂಬಳವನ್ನು ಲೆಕ್ಕಿಸಲಿಲ್ಲ. ತರಬೇತಿಗಾಗಿ ವಿದೇಶಕ್ಕೆ ಹೋಗಲು ಮಾತ್ರ ಒಪ್ಪಲಿಲ್ಲ. ಕೊನೆಗೆ ನಿಯಮವೇ ಸಡಿಲವಾಯಿತು. 1917ರಲ್ಲಿ ಅವರು ಸರಕಾರಿ ಹುದ್ದೆಯನ್ನು ತ್ಯಜಿಸಿ ಪ್ರಾಧ್ಯಾಪಕರಾದರು.

ಶಿಷ್ಯನಾಗಿ ಹೋಗಲಾರದ ನಾಡಿಗೆ 1921ರಲ್ಲಿ ಅವರು ಪ್ರತಿನಿಧಿಯಾಗಿ ಹೊರಟರು. ಆಕ್ಸ್‌ಫರ್ಡಿನಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನವೊಂದು ನಡೆಯಲಿದ್ದಿತು. ಯೂರೋಪಿಗೆ ಅದು ಅವರ ಮೊದಲ ಪ್ರಯಾಣ. ಸಮ್ಮೇಳನ ಮುಗಿಸಿಕೊಂಡು ಅದೇ ಸೆಪ್ಟೆಂಬರಿನಲ್ಲಿ 'ನಾರ್ಕುಂಡ' ಎಂಬ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲವರ್ಣವು ಅವರ ಮನಸ್ಸನ್ನು ಸೆರೆಹಿಡಿಯಿತು. ಕಂಡು ಬೆರಗಾಗುವುದು ಎಲ್ಲರಿಗೂ ಸಹಜ. ಆದರೆ ಬೆರಗನ್ನು ಪ್ರಶ್ನೆಯಾಗಿ ಮಾರ್ಪಡಿಸುವುದು ವಿಜ್ಞಾನಿಯ ಗುಣ.

ಈ ಪ್ರಶ್ನೆಗೆ ಉತ್ತರವೊಂದು ಆಗಲೇ ಸಿದ್ಧವಾಗಿತ್ತು. ಆಕಾಶವು ನೀಲಿಯಾಗಿರುವುದೇಕೆಂಬುದನ್ನು ವಿವರಿಸಿದ ಮಹಾವಿಜ್ಞಾನಿ ಲಾರ್ಡ್ ರೇಲೀಯವರು, ಕಡಲಿನ ನೀಲಿಯು ನೀರಿನ ಮೇಲ್ಮೈಯಲ್ಲಿ ಕಾಣುವ ಆಕಾಶದ ಪ್ರತಿಫಲನವೇ ಹೊರತು ಬೇರೇನೂ ಅಲ್ಲವೆಂದು ಹೇಳಿದ್ದರು. ನೊಬೆಲ್ ಪಾರಿತೋಷಕ ಪಡೆದವರ ಮಾತನ್ನು ಶಂಕಿಸುವವರಾರು? ರಾಮನ್ನರು ಅದನ್ನು ಅಲ್ಲಗಳೆಯಲೂ ಇಲ್ಲ, ಕಣ್ಮುಚ್ಚಿ ನಂಬಲೂ ಇಲ್ಲ, ಪರೀಕ್ಷಿಸಿದರು.

ಅವರ ಬಳಿ ನಿಕಲ್ ಪಟ್ಟಕವೆಂಬ ಚಿಕ್ಕ ಸಾಧನವಿತ್ತು. ನೀರಿನ ಮೇಲಿನಿಂದ ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಪಟ್ಟಕವನ್ನು ತಕ್ಕಂತೆ ತಿರುಗಿಸಿ ನೋಡಿದರೆ ಆ ಬೆಳಕನ್ನು ತಡೆಯಬಹುದು. ನೀಲಿಯು ಆಕಾಶದ ಪ್ರತಿಬಿಂಬವೇ ಆಗಿದ್ದಲ್ಲಿ, ಆಗ ಅದು ಮಾಯವಾಗಬೇಕು. ರಾಮನ್ನರು ಪಟ್ಟಕವನ್ನು ತಿರುಗಿಸಿದರು. ಮೇಲ್ಮೈಯ ಹೊಳಪು ಅಡಗಿತು, ನೀಲಿ ಅಡಗಲಿಲ್ಲ. ಬದಲಾಗಿ, ತೆರೆ ಸರಿದಂತಾಗಿ, ಮೊದಲಿಗಿಂತಲೂ ಗಾಢವಾಗಿ ಬೆಳಗಿತು. ಆ ಬಣ್ಣವು ಕಡಲಿನ ಒಡಲಿನಿಂದಲೇ ಬರುತ್ತಿತ್ತು.

ಹಡಗು ಮುಂಬಯಿ ಬಂದರಿಗೆ ಬಂದಾಗ, ಸೆಪ್ಟೆಂಬರ್ 26ರಂದು, ಅವರು ತಮ್ಮ ವಿಚಾರವನ್ನು ಬರೆದು 'ನೇಚರ್' ಪತ್ರಿಕೆಗೆ ಕಳುಹಿಸಿದರು. ನೀರಿನ ಅಣುಗಳು ಬೆಳಕನ್ನು ಚದುರಿಸುತ್ತವೆ. ಅದರಲ್ಲಿ ನೀಲಿಯು ಕೆಂಪಿಗಿಂತ ಹೆಚ್ಚು ಚದುರುತ್ತದೆ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ಬಣ್ಣಕ್ಕೆ ಮುಖ್ಯ ಕಾರಣವೆಂಬುದು ಇಂದು ಚೆನ್ನಾಗಿ ತಿಳಿದಿದೆ. ಹೀರುವಿಕೆಯಿಂದ ಉಳಿದ ನೀಲಿಯೇ ಚದುರಿ ಮೇಲೆದ್ದು ನಮ್ಮ ಕಣ್ಣನ್ನು ಸೇರುತ್ತದೆ. ಬೊಗಸೆಯಷ್ಟು ನೀರಿನಲ್ಲಿ ಈ ಕ್ರಿಯೆಯು ಗೋಚರಿಸದು; ಆಳವಾದ ಜಲರಾಶಿಯಲ್ಲಿ ಗೋಚರಿಸುತ್ತದೆ.

ಕಡಲು ತೋರಿದ ದಾರಿಯನ್ನು ರಾಮನ್ನರು ಅಲ್ಲಿಗೇ ಬಿಡಲಿಲ್ಲ. ಶಿಷ್ಯರೊಡಗೂಡಿ ಏಳು ವರ್ಷಗಳ ಕಾಲ ಹಲವು ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ಪರೀಕ್ಷಿಸಿದರು. ಕೆ. ಎಸ್. ಕೃಷ್ಣನ್ ಅವರ ನೆರವಿನೊಂದಿಗೆ ನಡೆದ ಪ್ರಯೋಗಗಳ ಫಲವಾಗಿ, 1928ರ ಫೆಬ್ರವರಿ 28ರಂದು, ಚದುರಿದ ಬೆಳಕಿನ ಅತ್ಯಲ್ಪ ಭಾಗವು ಅಣುಗಳೊಡನೆ ಶಕ್ತಿಯ ವಿನಿಮಯ ನಡೆಸಿ ತನ್ನ ಬಣ್ಣವನ್ನೇ ಬದಲಿಸುತ್ತದೆಂಬುದು ಸ್ಪಷ್ಟವಾಯಿತು. ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆ ಫೆಬ್ರವರಿ 28ರ ನೆನಪಿಗಾಗಿಯೇ ನಾವು ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುತ್ತೇವೆ.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಭಿನ್ನಾಭಿಪ್ರಾಯಗಳೊದಗಿ 1937ರಲ್ಲಿ ಆ ಪದವಿಯನ್ನು ಬಿಡಬೇಕಾಗಿ ಬಂದರೂ ಬೆಂಗಳೂರನ್ನು ಬಿಡಲಿಲ್ಲ, ಪ್ರಾಧ್ಯಾಪಕರಾಗಿ ಮುಂದುವರಿದರು. ಮೈಸೂರು ಮಹಾರಾಜರು ನೀಡಿದ್ದ ನಿವೇಶನದಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿ, ಹರಳು, ಹೂವು, ವಜ್ರಗಳ ಬಣ್ಣಗಳನ್ನು ಅಭ್ಯಸಿಸುತ್ತ ಕೊನೆಯವರೆಗೂ ದುಡಿದರು. 1954ರಲ್ಲಿ ರಾಷ್ಟ್ರವು ಅವರಿಗೆ ಭಾರತರತ್ನವನ್ನಿತ್ತು ಗೌರವಿಸಿತು. 1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಸಂಸ್ಕಾರವು ಸಂಶೋಧನಾಲಯದ ಆವರಣದಲ್ಲಿಯೇ ನಡೆಯಿತು. ಅಲ್ಲಿ ಗೋರಿಯಿಲ್ಲ, ಗೋಪುರವಿಲ್ಲ, ಮರವೊಂದು ನಿಂತಿದೆ.

'ನಾರ್ಕುಂಡ' ಹಡಗಿನ ಎಲ್ಲ ಪ್ರಯಾಣಿಕರಿಗೂ ಅಂದು ಅದೇ ನೀಲಿ ಕಂಡಿತ್ತು. ಬಲ್ಲವರ ಮಾತನ್ನು ಗೌರವಿಸುತ್ತಲೇ ತನ್ನ ಕಣ್ಣಿನಿಂದ ಪರೀಕ್ಷಿಸಿ ನೋಡುವ ಧೈರ್ಯವು ಒಬ್ಬರಲ್ಲಿ ಮಾತ್ರ ಇದ್ದಿತು. ಆ ಧೈರ್ಯಕ್ಕೆ ದೊಡ್ಡ ಯಂತ್ರ ಬೇಕಾಗಲಿಲ್ಲ. ಜೇಬಿನಲ್ಲಿ ಹಿಡಿಯುವ ಒಂದು ಪಟ್ಟಕ ಸಾಕಾಯಿತು.